ಜೆನೆಟಿಕ್ ಕೌನ್ಸೆಲಿಂಗ್ ಓದಬೇಕು ಅಂತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಬಿಎಸ್ಸಿ ಮುಗಿಸಿ, ಎರಡು ವರ್ಷ ಹೊರಗೆ ಹೋಗಿ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಎಂಎಸ್ಸಿ ಮಾಡಿದೆ. ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆ ಲೆಕ್ಚರರ್, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ಚಿಕ್ಕಮ್ಮ, ವಾಟ್ಸಾಪಿನಲ್ಲಿ ಕಾಲೇಜು ಹುಡುಗಿಯರು. ಅದದೇ ಉತ್ತರ ಟೈಪ್ ಮಾಡಿ ಬೆರಳು ಸೋತಿದೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದರಲ್ಲಿ ಬರುವ ಮನೆಗಳ ಗುರುತು ಸಿಗಬಾರದು ಅಂತ ಊರು, ವಯಸ್ಸು, ಸಣ್ಣಪುಟ್ಟ ವಿವರ ಬದಲಾಯಿಸಿದ್ದೇನೆ.

ಎಂತ ಕೆಲಸ ಇದು? ನೀವು ಡಾಕ್ಟರಾ?

ಅಲ್ಲ. ಔಷಧಿ ಬರೆಯುವುದಿಲ್ಲ, ಸ್ಕ್ಯಾನಿಂಗ್ ಮಾಡುವುದಿಲ್ಲ. ತಲೆಮಾರಿನಿಂದ ಬರುವ ಕಾಯಿಲೆ ಇರುವ ಮನೆಯವರು, ಮಗುವಿನ ಬೆಳವಣಿಗೆಯಲ್ಲಿ ಏನೋ ವ್ಯತ್ಯಾಸ ಕಂಡವರು, ಸ್ಕ್ಯಾನಿಂಗ್‌ನಲ್ಲಿ ಡಾಕ್ಟರಿಗೆ ಅನುಮಾನ ಬಂದ ಬಸುರಿಯರು, ಒಂದೇ ಮನೆಯಲ್ಲಿ ಮೂರು ಹೆಂಗಸರಿಗೆ ಸ್ತನ ಕ್ಯಾನ್ಸರ್ ಆದವರು ನಮ್ಮ ಹತ್ತಿರ ಬರುತ್ತಾರೆ. ಮನೆಯ ಕಥೆ ಕೇಳಿ ಬರೆದುಕೊಳ್ಳುತ್ತೇವೆ. ಯಾವ ಟೆಸ್ಟ್‌ನಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಅಂತ ಹೇಳುತ್ತೇವೆ. ರಿಪೋರ್ಟ್ ಬಂದ ಮೇಲೆ ಅದನ್ನು ಬಿಡಿಸಿ ಹೇಳುತ್ತೇವೆ. ಮುಂದೆ ಏನು ಮಾಡೋದು ಅಂತ ಅವರು ತೀರ್ಮಾನಿಸುವವರೆಗೆ ಜೊತೆಗಿರುತ್ತೇವೆ.

ಈ ಕೆಲಸಕ್ಕೆ ಹೆಸರಿಟ್ಟವರು ಅಮೆರಿಕದ ಶೆಲ್ಡನ್ ರೀಡ್, 1947ರಲ್ಲಿ. ಇದಕ್ಕೆಂದೇ ಮೊದಲ ಮಾಸ್ಟರ್ಸ್ ಕೋರ್ಸ್ ಶುರುವಾದದ್ದು 1969ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ. ಇದನ್ನು ನಮ್ಮ ಅಜ್ಜಿಗೆ ಹೇಳಿದೆ. ಅಡಿಕೆ ಸುಲಿಯುತ್ತಾ ಕೂತಿದ್ದವರು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕೇಳಿದರು: "ನೆಂಟಸ್ತಿಕೆ ವಿಚಾರಿಸೋಕೆ ಅವರಿಗೆ ಕಾಲೇಜು ಬೇಕಾಯ್ತಾ?"

ಈ ಕೋರ್ಸಿಗೆ ಎಂಥವರು ಬರುತ್ತಾರೆ? ಬಯೋಟೆಕ್ ಆಗಿರಲೇಬೇಕಾ?

ಬೇಕಿಲ್ಲ. ನಮ್ಮ ಬ್ಯಾಚಿನಲ್ಲಿ ಎಂಟು ಜನ ಇದ್ದೆವು. ಬಯೋಟೆಕ್ನಾಲಜಿ ಮೂವರು. ಜುವಾಲಜಿ ನಾನೊಬ್ಬಳೇ. ಬಿಎಸ್ಸಿಯಲ್ಲಿ ಸೈಕಾಲಜಿಯನ್ನೂ ಒಂದು ವಿಷಯವಾಗಿ ಓದಿದ ಹುಡುಗಿ, ದಂತವೈದ್ಯ ಮುಗಿಸಿ ಹಲ್ಲಿನ ಸಹವಾಸ ಸಾಕು ಅಂತ ಬಂದ ಹುಡುಗ (ಬ್ಯಾಚಿಗೆ ಅವನೊಬ್ಬನೇ ಗಂಡು), ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ಕ್ರೋಮೋಸೋಮ್ ಎಣಿಸುತ್ತಿದ್ದವರು, ಹೆರಿಗೆ ವಾರ್ಡಿನಲ್ಲಿ ನಾಲ್ಕು ವರ್ಷ ದುಡಿದ ಒಬ್ಬರು ನರ್ಸ್. ಯಾವ ಪದವಿಯವರಿಗೆ ಸೀಟು ಕೊಡುತ್ತಾರೆ ಅನ್ನೋದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಅರ್ಜಿ ಹಾಕುವ ಮೊದಲು ಅವರ ನಿಯಮ ಸರಿಯಾಗಿ ಓದಿಕೊಳ್ಳಿ.

ಮೊದಲ ತಿಂಗಳು ಬಯೋಟೆಕ್‌ನವರದ್ದೇ ದರ್ಬಾರು. ಸೀಕ್ವೆನ್ಸಿಂಗ್, ಎಕ್ಸೋಮ್ ಅಂತ ಅವರು ಪಟಪಟ ಹೇಳುವಾಗ ನಾವು ಉಳಿದವರು ಬೆಪ್ಪಾಗಿ ನೋಡುತ್ತಿದ್ದೆವು. ಓಪಿಡಿಗೆ ಹೋದ ದಿನ ಲೆಕ್ಕ ತಿರುಗಿತು. ಲ್ಯಾಬಿನಿಂದ ಬಂದವರು ಒಂದು ಮಗುವಿನ ತಾಯಿಗೆ ರಿಪೋರ್ಟ್ ವಿವರಿಸುತ್ತಾ, "ಫಾರ್ಟಿಸೆವೆನ್ ಎಕ್ಸ್‌ಎಕ್ಸ್ ಪ್ಲಸ್ ಟ್ವೆಂಟಿಒನ್" ಅಂದರು. ಇಪ್ಪತ್ತೊಂದನೇ ಕ್ರೋಮೋಸೋಮ್ ಒಂದು ಹೆಚ್ಚಿದೆ, ಅಂದರೆ ಡೌನ್ ಸಿಂಡ್ರೋಮ್ ಅಂತ ಅರ್ಥ. ಲೆಕ್ಕ ಸರಿಯಾಗೇ ಇತ್ತು. ತಾಯಿ ತಲೆಯಾಡಿಸಿದರು, ಒಂದಕ್ಷರ ಒಳಗೆ ಹೋಗಿರಲಿಲ್ಲ. ಪಕ್ಕದಲ್ಲಿದ್ದ ನರ್ಸ್ ಅಕ್ಕ, "ಎಲ್ಲರಿಗೂ ಇಪ್ಪತ್ತೊಂದನೇ ನಂಬರಿನದ್ದು ಎರಡು ಇರುತ್ತೆ, ಪಾಪುಗೆ ಮೂರು ಇದೆ. ನೀವು ಏನೋ ತಿಂದಿದ್ದಕ್ಕೋ ಭಾರ ಎತ್ತಿದ್ದಕ್ಕೋ ಆಗಿದ್ದಲ್ಲ" ಅಂದರು. ತಾಯಿ ಆಗ ಅತ್ತರು. ಅಕ್ಕ ಸಮಾಧಾನ ಹೇಳೋಕೆ ಹೋಗಲಿಲ್ಲ. ತಲೆ ತಗ್ಗಿಸಿ ಫೈಲಿನ ಹಾಳೆಗಳನ್ನು ನಿಧಾನವಾಗಿ ಜೋಡಿಸುತ್ತಾ ಕೂತರು. ಅಳುವವರ ಮುಖ ನೋಡುತ್ತಾ ಕೂರಬಾರದು ಅಂತ ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಮನೆಯಲ್ಲೇ ಇಂಥ ಕಾಯಿಲೆ ಇದೆ. ನಾನು ಈ ಕೋರ್ಸ್ ಮಾಡಬಹುದಾ?

ಮಾಡಬಹುದು. ಇದರಲ್ಲಿ ನೀವೊಬ್ಬರೇ ಅಲ್ಲ. ನಮ್ಮ ಬ್ಯಾಚಿನ ಒಬ್ಬಳ ತಮ್ಮನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಗಂಡು ಮಕ್ಕಳಿಗೆ ಬರುವ ಸ್ನಾಯುಗಳ ಕಾಯಿಲೆ ಅದು. ಚಿಕ್ಕಂದಿನಲ್ಲಿ ಮೆಟ್ಟಿಲು ಹತ್ತುವಾಗ ತೊಡೆಗೆ ಕೈ ಊರಿ ಏಳುತ್ತಾರೆ, ಹತ್ತು ಹನ್ನೆರಡು ವರ್ಷಕ್ಕೆ ವೀಲ್‌ಚೇರ್ ಬೇಕಾಗುತ್ತದೆ. ಸಂದರ್ಶನದಲ್ಲಿ ಅವಳು ಇದನ್ನು ಹೇಳಿಕೊಂಡಿರಲಿಲ್ಲ. ಅನುಕಂಪಕ್ಕೆ ಸೀಟು ಕೊಟ್ಟರು ಅಂತ ಆಗಬಾರದಲ್ವಾ, ಅದಕ್ಕೆ.

ಎರಡನೇ ಸೆಮಿಸ್ಟರಿನಲ್ಲಿ ಆ ಕಾಯಿಲೆಯ ಪಾಠ ಬಂತು. ತಾಯಿಯಲ್ಲಿ ಆ ಕೆಟ್ಟ ಜೀನ್ ಇದ್ದರೆ ಮಗಳಿಗೂ ಆ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. ಮಧ್ಯಾಹ್ನ ಮೆಸ್ಸಿನಲ್ಲಿ ಕೇಳಿದಳು: "ನಾನು ಟೆಸ್ಟ್ ಮಾಡಿಸ್ಕೊಬೇಕಾ?" ಕೇಳಿದ್ದು ನಮ್ಮನ್ನಲ್ಲ ಅಂತ ನನಗೆ ಅನ್ನಿಸಿತು. ನಾವ್ಯಾರೂ ಉತ್ತರ ಹೇಳಲಿಲ್ಲ. ಅವಳು ಅವತ್ತು ಮಾಡಿಸಲಿಲ್ಲ, ಮುಂದೆ ಮಾಡಿಸಿದಳಾ ಅಂತ ನಾನು ಇವತ್ತಿಗೂ ಕೇಳಿಲ್ಲ. ಅದು ಅವಳಿಗೆ ಬಿಟ್ಟದ್ದು.

ಒಂದು ಎಚ್ಚರಿಕೆ ಮಾತ್ರ ಇದೆ, ಅದನ್ನು ಅವಳೇ ಹೇಳಿದ್ದು. ಎದುರಿನವರ ಕಥೆ ಕೇಳುವಾಗ ತನ್ನ ಅಮ್ಮನ ಕಥೆ ಹೇಳಿಬಿಡುವ ಆಸೆ ಬರುತ್ತದಂತೆ. "ನಮ್ಮನೇಲೂ ಹೀಗೇ" ಅಂತ ಒಂದು ಸಲ ಬಾಯಿಬಿಟ್ಟರೆ ಆಮೇಲೆ ಅವರು ತಮ್ಮ ಮಾತು ನಿಲ್ಲಿಸಿ ನಮ್ಮ ಮಾತು ಕೇಳುತ್ತಾರೆ. ಹಾಗಾಗಬಾರದು.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಆಗುತ್ತಾ?

ಆಗುತ್ತದೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಂಎಸ್ಸಿ ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷ್. ತರಗತಿಯಲ್ಲಿ ಒಬ್ಬರು ಪೇಷಂಟ್, ಒಬ್ಬರು ಕೌನ್ಸೆಲರ್ ಆಗಿ ನಟಿಸಿ ಅಭ್ಯಾಸ ಮಾಡಿಸುತ್ತಾರೆ. ಅದೂ ಇಂಗ್ಲಿಷ್‌ನಲ್ಲೇ. ದುಃಖದ ಪೇಷಂಟ್ ಪಾತ್ರ ನನಗೆ ಬಂದಾಗ ಇಂಗ್ಲಿಷ್‌ನಲ್ಲಿ ಅಳೋಕೆ ಬಾರದೆ ನಗು ಬಂದು ಎಲ್ಲ ಹಾಳಾಯಿತು.

ಆದರೆ ನಿಜವಾದ ಕಷ್ಟ ಬೇರೆ ಇತ್ತು, ಅದು ನನಗೆ ಗೊತ್ತಾದದ್ದು ತಡವಾಗಿ. ಶೃಂಗೇರಿ ಕಡೆಯ ಒಬ್ಬರು ಹಿರಿಯರು ಮೊಮ್ಮಗುವನ್ನು ಕರೆದುಕೊಂಡು ಬಂದಿದ್ದರು. ನಮ್ಮ ಮೇಡಂ ಕೇರಳದವರು, "ನೀನೇ ಮಾತಾಡು" ಅಂದರು. ಖುಷಿಯಾಯಿತು, ನನ್ನ ಭಾಷೆಯವರು ಸಿಕ್ಕರಲ್ಲ ಅಂತ. ಬಾಯಿ ತೆರೆದರೆ ಹೇಳೋಕೆ ಮಾತೇ ಇಲ್ಲ! ಕಲಿತದ್ದೆಲ್ಲ ಇಂಗ್ಲಿಷ್‌ನಲ್ಲಿ ಕೂತಿತ್ತು. "ಮಗುವಿನ ಒಂದು ಜೀನ್‌ನಲ್ಲಿ ತೊಂದರೆ ಇದೆ" ಅಂದೆ. ಹಿರಿಯರು, "ಜೀನನಾ? ನಮ್ಮನೆಯಲ್ಲಿ ಯಾರೂ ಜೀನರಿಲ್ಲವಲ್ಲ ತಾಯಿ" ಅಂದರು. ಜಿಪುಣರಿಗೆ ಜೀನ ಅನ್ನುತ್ತಾರೆ ಅನ್ನೋದು ನನಗೆ ಮರೆತೇ ಹೋಗಿತ್ತು. ಅವರಿಗೂ ನಗು ಬಂತು, ನನಗೂ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು ಒಂದು ನೋಟ್‌ಬುಕ್ ಶುರು ಮಾಡಿದೆ. ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಅದನ್ನು ನಮ್ಮೂರಿನವರಿಗೆ ಹೇಗೆ ಹೇಳುವುದು ಅಂತ.

ಆ ನೋಟ್‌ಬುಕ್‌ನಲ್ಲಿ ಏನಿದೆ, ಒಂದೆರಡು ಹೇಳಿ

ಪಠ್ಯಪುಸ್ತಕದ ಕನ್ನಡ ಬಳಸಿ ಕೆಟ್ಟೆ. ಕೆಟ್ಟ ಜೀನ್ ತನ್ನಲ್ಲಿದ್ದರೂ ತನಗೆ ಕಾಯಿಲೆ ಇಲ್ಲದವರಿಗೆ 'ವಾಹಕ' ಅನ್ನುತ್ತಾರೆ. ಹಾಗೆ ಹೇಳಿದರೆ ಬಸ್ಸಿನಲ್ಲಿ ಬರೆದಿರುವ ಚಾಲಕ, ನಿರ್ವಾಹಕ ನೆನಪಾಗುತ್ತದೆಯೇ ಹೊರತು ಬೇರೇನೂ ಹೊಳೆಯುವುದಿಲ್ಲ. ಈಗ ನಾನು ಪಂಪ್‌ಸೆಟ್ ಕಥೆ ಹೇಳುತ್ತೇನೆ. ತೋಟಕ್ಕೆ ಎರಡು ಪಂಪ್ ಇವೆ. ಒಂದು ಕೆಟ್ಟಿದೆ, ಇನ್ನೊಂದು ಓಡುತ್ತಿದೆ. ನೀರು ಹೋಗುತ್ತಿದೆ, ಅಡಿಕೆ ಮರ ಹಸಿರಾಗಿದೆ, ಕೆಟ್ಟದ್ದು ಯಾರಿಗೂ ಗೊತ್ತಿಲ್ಲ. ಗಂಡನ ತೋಟದಲ್ಲೂ ಹಾಗೇ, ಹೆಂಡತಿಯ ತೋಟದಲ್ಲೂ ಹಾಗೇ. ಮಗುವಿಗೆ ಎರಡೂ ಮನೆಯಿಂದ ಒಂದೊಂದು ಪಂಪ್ ಕೊಡಬೇಕು, ಕಣ್ಣು ಮುಚ್ಚಿ ತೆಗೆದು. ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಆ ತೋಟಕ್ಕೆ ನೀರಿಲ್ಲ. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಹೀಗೇ ಬರುತ್ತದೆ. ಅದರ ಒಂದು ಕೆಟ್ಟ ಜೀನ್ ಇರುವವರಿಗೆ ರಕ್ತ ಸ್ವಲ್ಪ ಕಡಿಮೆ ಕಾಣುತ್ತದೆ ಅಷ್ಟೇ. ಎಷ್ಟೋ ಜನ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುತ್ತಿರುತ್ತಾರೆ, ಹಿಮೋಗ್ಲೋಬಿನ್ ಏರುವುದಿಲ್ಲ. ಎಚ್‌ಬಿಎ2 ಅನ್ನುವ ಒಂದು ರಕ್ತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

'ನಾಲ್ಕರಲ್ಲಿ ಒಂದು' ಅನ್ನುವುದು ಇನ್ನೊಂದು ತಲೆನೋವು. ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದರೆ ಪ್ರತಿ ಬಸುರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬ ತಂದೆ ಇದನ್ನು ಕೇಳಿ ನಿಟ್ಟುಸಿರು ಬಿಟ್ಟು, "ಸರಿ, ಒಂದು ಆಗಿಹೋಯ್ತಲ್ಲ. ಇನ್ನು ಮೂರಕ್ಕೆ ತೊಂದರೆ ಇಲ್ಲ" ಅಂದರು. ನಾನು ಇನ್ನೊಂದು ಸಲ ಅದನ್ನೇ ಜೋರಾಗಿ ಹೇಳಿದೆ. ಜೋರಾಗಿ ಹೇಳಿದರೆ ಅರ್ಥವಾಗುತ್ತದಾ? ಕೊನೆಗೆ ಅವರ ಕೈಗೆ ಒಂದು ನಾಣ್ಯ, ಹೆಂಡತಿ ಕೈಗೆ ಒಂದು ನಾಣ್ಯ ಕೊಟ್ಟೆ. ಇಬ್ಬರೂ ಒಟ್ಟಿಗೆ ಚಿಮ್ಮಿ, ಎರಡೂ ಸಿಂಹದ ಮುಖ ಬಿದ್ದರೆ ಮಗುವಿಗೆ ಕಾಯಿಲೆ ಅಂದೆ. ಎರಡನೇ ಸಲಕ್ಕೇ ಎರಡು ಸಿಂಹ ಬಿತ್ತು. ಮೂರನೇ ಸಲ ಮತ್ತೆ ಎರಡು ಸಿಂಹ. ಆತ ನಾಣ್ಯ ಮೇಜಿನ ಮೇಲಿಟ್ಟು ಸುಮ್ಮನಾದರು. ಅರ್ಥವಾಗಿತ್ತು. ಆದರೆ ಹಾಗೆ ಅರ್ಥ ಮಾಡಿಸಬೇಕಿತ್ತಾ ಅಂತ ನನಗೆ ಇನ್ನೂ ಕಸಿವಿಸಿ ಇದೆ. ಈಗ ನಾಣ್ಯವನ್ನು ನಾನೇ ಚಿಮ್ಮುತ್ತೇನೆ, ಅವರ ಕೈಗೆ ಕೊಡುವುದಿಲ್ಲ.

ಇನ್ನು ರಿಪೋರ್ಟಿನಲ್ಲಿ ಕೆಲವೊಮ್ಮೆ 'ಬದಲಾವಣೆ ಸಿಕ್ಕಿದೆ, ಅದರಿಂದ ತೊಂದರೆಯೋ ಅಲ್ಲವೋ ಸದ್ಯಕ್ಕೆ ಗೊತ್ತಿಲ್ಲ' ಅಂತ ಬರುತ್ತದೆ. ಸಾವಿರಾರು ರೂಪಾಯಿ ಕೊಟ್ಟವರಿಗೆ ಇದನ್ನು ಹೇಳುವುದು ಹೇಗೆ? ಪಹಣಿ ನೆನಪಿಸುತ್ತೇನೆ. ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿದೆ ಅಂದುಕೊಳ್ಳಿ. ಕೆಲವು ತಪ್ಪಿನಿಂದ ಏನೂ ಆಗುವುದಿಲ್ಲ. ಕೆಲವು ತಪ್ಪಿಗೆ ಜಮೀನೇ ಕೈಬಿಟ್ಟು ಹೋಗುತ್ತದೆ. ಈ ತಪ್ಪು ಯಾವ ಜಾತಿಯದ್ದು ಅಂತ ಸದ್ಯಕ್ಕೆ ತಹಶೀಲ್ದಾರರಿಗೂ ಗೊತ್ತಿಲ್ಲ. ಇದನ್ನು ಮಾತ್ರ ಮಲೆನಾಡಿನವರಿಗೆ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ವಂಶವೃಕ್ಷ ಬರೆಯುವುದು ಅಷ್ಟು ಮುಖ್ಯವಾ?

ಮೊದಲ ಪಾಠವೇ ಅದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರದ್ದು ಕಪ್ಪು ತುಂಬಬೇಕು. ತೀರಿಕೊಂಡವರ ಮೇಲೆ ಅಡ್ಡಗೆರೆ. ಸಂಬಂಧದಲ್ಲಿ ಮದುವೆಯಾದರೆ ಜೋಡಿಗೆರೆ. ಬಸುರು ನಿಲ್ಲದೆ ಹೋದರೆ ಚಿಕ್ಕ ತ್ರಿಕೋನ. ಕಡಿಮೆ ಅಂದರೂ ಮೂರು ತಲೆಮಾರು ಬೇಕು.

ಇಂಗ್ಲಿಷ್ ಪುಸ್ತಕದಲ್ಲಿ ಇದು ಅರ್ಧ ಗಂಟೆಯ ಪಾಠ. ಕನ್ನಡದ ಮನೆಗೆ ಬಂದರೆ ಕಥೆಯೇ ಬೇರೆ. "ನನ್ನ ತಮ್ಮನಿಗೂ ಹೀಗೇ ಇತ್ತು" ಅನ್ನುತ್ತಾರೆ. ನಮ್ಮಲ್ಲಿ ಚಿಕ್ಕಪ್ಪನ ಮಗನೂ ತಮ್ಮ, ಚಿಕ್ಕಮ್ಮನ ಮಗನೂ ತಮ್ಮ. "ಒಡಹುಟ್ಟಿದ ತಮ್ಮನಾ?" ಅಂತ ಕೇಳದಿದ್ದರೆ ಲೆಕ್ಕ ಬುಡಮೇಲು. ಕೇಳಿದರೆ ಕೆಲವರಿಗೆ ಬೇಜಾರು, "ನಾವು ಹಾಗೆಲ್ಲ ಬೇರೆ ಮಾಡಿಲ್ಲ" ಅಂತ. 'ಮಾವ' ಇನ್ನೂ ಮಜಾ. ತಾಯಿಯ ತಮ್ಮನೂ ಮಾವ, ಅತ್ತೆಯ ಗಂಡನೂ ಮಾವ, ಗಂಡನ ಅಪ್ಪನೂ ಮಾವ. ಕೆಲವು ಮನೆಯಲ್ಲಿ ಮೂರೂ ಒಬ್ಬರೇ! ಅಂಥಲ್ಲಿ ಒಂದೇ ಹಾಳೆಯಲ್ಲಿ ಜೋಡಿಗೆರೆ ಎರಡೆರಡು ಕಡೆ ಬರುತ್ತದೆ. ಹೊರ ರಾಜ್ಯದ ನನ್ನ ಸಹಪಾಠಿಗಳು ತಿಣುಕುತ್ತಿದ್ದಾಗ ನಾನು ಸರಾಗ ಬರೆಯುತ್ತಿದ್ದೆ. ಅದು ಜಾಣತನವಲ್ಲ. ನಮ್ಮ ಮನೆಯಲ್ಲಿ ಮದುವೆ ಕಾಗದ ಬಂದರೆ ಅಜ್ಜಿ ಮೊದಲು ನೋಡುವುದೇ ಹುಡುಗಿ ಯಾವ ಮನೆಯವಳು, ಅವಳ ಅಮ್ಮನ ತವರು ಯಾವುದು ಅಂತ. ಅದನ್ನು ಕೇಳುತ್ತಲೇ ಬೆಳೆದವಳು ನಾನು.

ಓದುವಾಗ ನೀವು ಮಾಡಿದ ದೊಡ್ಡ ತಪ್ಪು ಯಾವುದು?

ಆ ತ್ರಿಕೋನ.

ಮದುವೆಯಾಗಿ ಎರಡು ವರ್ಷವಾದ ಹುಡುಗಿ, ಜೊತೆಯಲ್ಲಿ ಅತ್ತೆ. ಅತ್ತೆ ಬಿಲ್ ಕಟ್ಟೋಕೆ ಹೊರಗೆ ಹೋದ ಐದು ನಿಮಿಷದಲ್ಲಿ ಹುಡುಗಿ ಸಣ್ಣ ದನಿಯಲ್ಲಿ, ಮದುವೆಯಾದ ಹೊಸದರಲ್ಲಿ ತವರಿನಲ್ಲಿದ್ದಾಗ ಒಂದು ಹೋಗಿತ್ತು ಅಂದಳು. ಗಂಡನಿಗೂ ಗೊತ್ತಿರಲಿಲ್ಲ. ನಾನು ವಿಧೇಯ ವಿದ್ಯಾರ್ಥಿನಿ, ಕಲಿಸಿದಂತೆ ಅಂದವಾಗಿ ಒಂದು ತ್ರಿಕೋನ ಬರೆದೆ. ಅತ್ತೆ ವಾಪಸ್ ಬಂದು ಹಾಳೆ ನೋಡಿದರು. ಒಂದೊಂದೇ ಗುರುತಿನ ಮೇಲೆ ಬೆರಳಿಟ್ಟು ಕೇಳಿದರು. ಇದು ಯಾರು, ಇದು ನಮ್ಮ ಮಾವನವರಾ, ಇದು ನಾನಾ. ಬೆರಳು ತ್ರಿಕೋನದ ಹತ್ತಿರ ಬಂತು. "ಇದೆಂತ?"

ಹುಡುಗಿ ಸೀರೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ನಾನು "ಅದು ನಮ್ಮ ಲೆಕ್ಕದ ಗುರುತು ಅಮ್ಮ" ಅಂದೆ. ಅತ್ತೆ ನನ್ನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಇನ್ನೇನೂ ಕೇಳಲಿಲ್ಲ. ಅವರು ನಂಬಿದರಾ ಇಲ್ಲವಾ ಗೊತ್ತಿಲ್ಲ. ಆ ಹುಡುಗಿ ಮುಂದಿನ ಅಪಾಯಿಂಟ್‌ಮೆಂಟಿಗೆ ಬರಲಿಲ್ಲ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ, ನನ್ನದೇ. ಅವತ್ತಿನಿಂದ ಮೊದಲ ಹತ್ತು ನಿಮಿಷ ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿ ಮಾತಾಡುತ್ತೇನೆ. ಎಲ್ಲರ ಎದುರು ಬರೆಯುವ ಹಾಳೆ ಒಂದು, ಫೈಲಿಗೆ ಹೋಗುವ ಹಾಳೆ ಒಂದು.

ಸೋದರಿಕೆ ಮದುವೆ ಬೇಡ ಅಂತ ನೀವು ಹೇಳ್ತೀರಲ್ವಾ?

ಎಲ್ಲರೂ ಹೀಗೇ ಅಂದುಕೊಂಡಿರುತ್ತಾರೆ. ನಾನು ಲೆಕ್ಕ ಹೇಳುತ್ತೇನೆ. ಸಂಬಂಧವೇ ಇಲ್ಲದ ದಂಪತಿಗೂ ನೂರು ಹೆರಿಗೆಯಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಇರುತ್ತದೆ. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ ಅದು ಹೆಚ್ಚುಕಡಿಮೆ ದುಪ್ಪಟ್ಟು. ಸೋದರಮಾವನನ್ನೇ ಮದುವೆಯಾದರೆ ಇನ್ನೂ ಜಾಸ್ತಿ, ಏಕೆಂದರೆ ಅಲ್ಲಿ ಇಬ್ಬರ ಜೀನ್‌ಗಳಲ್ಲಿ ಕಾಲುಭಾಗ ಒಂದೇ. ಅತ್ತೆ ಮಕ್ಕಳಾದರೆ ಎಂಟನೇ ಒಂದು ಭಾಗ. ಅಂದರೆ ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ಟುತ್ತಾರೆ. "ನಮ್ಮ ಅಪ್ಪ ಅಮ್ಮನದ್ದೂ ಸೋದರಿಕೆಯೇ, ನಮಗೇನಾಗಿದೆ?" ಅಂತ ಕೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಆಗಲೇ ಒಂದು ಮಗುವಿಗೆ ಕಾಯಿಲೆ ಇದ್ದು, ಅದೇ ಮನೆಯೊಳಗೆ ಇನ್ನೊಂದು ಸಂಬಂಧ ಕುದುರುತ್ತಿದ್ದರೆ ಈ ಸಾಮಾನ್ಯ ಲೆಕ್ಕ ನಡೆಯುವುದಿಲ್ಲ. ಮದುವೆಗೆ ಮೊದಲೇ ಬಂದು ಮಾತಾಡಿ.

ಇನ್ನೊಂದು ತಪ್ಪು ತಿಳಿವಳಿಕೆ ಗೋತ್ರದ್ದು, ಬಳಿಯದ್ದು (ಗೋತ್ರದ ಹಾಗೇ ಇರುವ ಕುಲದ ಗುರುತು). ಬೇರೆ ಇದ್ದರೆ ಸಂಬಂಧವಿಲ್ಲ ಅಂತ ಭಾವಿಸುತ್ತಾರೆ. ಮಾವನ ಮಗಳ ಗೋತ್ರ ಬೇರೆಯೇ, ಆದರೆ ಅಜ್ಜ ಅಜ್ಜಿ ಅವರೇ ಅಲ್ವಾ?

ಹಂದಿಗೋಡು ಕಾಯಿಲೆ ಬಗ್ಗೆ ಓದಿಸುತ್ತಾರಾ?

ಒಂದು ಸೆಮಿನಾರಿನಲ್ಲಿ ಬಂತು. ಸ್ಲೈಡಿನ ಮೇಲೆ 'ಸಾಗರ ತಾಲ್ಲೂಕು' ಅಂತ ನೋಡಿ ನನ್ನ ಕಿವಿ ನೆಟ್ಟಗಾಯಿತು. 1970ರ ದಶಕದ ನಡುವೆ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಇದು ಬೆಳಕಿಗೆ ಬಂತು. ಸೊಂಟ, ಮಂಡಿ ನೋವು ಅಂತ ಶುರುವಾಗಿ ನಡೆಯೋಕೇ ಆಗದ ಸ್ಥಿತಿಗೆ ಬರುತ್ತದೆ. ಕೆಲವರು ಎತ್ತರವೇ ಬೆಳೆಯುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಯ ಬೇರೆ ಹಳ್ಳಿಗಳಲ್ಲೂ ಕಂಡಿತು. ಹೆಚ್ಚಿನವರು ಗದ್ದೆ ಕೂಲಿಯ ದಲಿತ ಕುಟುಂಬದವರು. ಮೊದಲು ಅನುಮಾನ ಬಿದ್ದದ್ದು ಗದ್ದೆ ಏಡಿಯ ಮೇಲೆ. ಗದ್ದೆಗೆ ಹೊಡೆದ ಕೀಟನಾಶಕ ಏಡಿಗೆ ಸೇರಿ, ಏಡಿ ತಿಂದವರಿಗೆ ಹೀಗಾಗಿದೆ ಅಂತ. ಆಮೇಲೆ ಮನೆಮನೆಯ ವಂಶವೃಕ್ಷ ಬರೆದು ನೋಡಿದಾಗ ಅದು ತಲೆಮಾರಿನಿಂದ ಇಳಿದು ಬರುವುದು ಕಂಡಿತು. ಇಲ್ಲಿ ಪಂಪ್‌ಸೆಟ್ ಕಥೆ ನಡೆಯುವುದಿಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ನನಗೆ ಸಿಟ್ಟು ಬರುವುದು ಹೆಸರಿನ ಬಗ್ಗೆ. ಊರಿನ ಹೆಸರನ್ನೇ ಕಾಯಿಲೆಗೆ ಇಟ್ಟರೆ ಆ ಊರಿನ ಹುಡುಗ ಹುಡುಗಿಯರು ಎಲ್ಲಿಗೆ ಹೋದರೂ ಅದನ್ನು ಹೊತ್ತುಕೊಂಡೇ ಹೋಗಬೇಕು. ಸೊರಬದ ಕ್ಯಾಸನೂರಿಗೂ 1957ರಿಂದ ಇದೇ ಪಾಡು. ಅಲ್ಲಾದರೂ ಜನ ಮಂಗನ ಕಾಯಿಲೆ ಅಂತ ಬೇರೆ ಹೆಸರು ಹಿಡಿದುಕೊಂಡರು. ಅಂದ ಹಾಗೆ ಅದು ಉಣ್ಣಿ ಕಚ್ಚಿ ಬರುವಂಥದ್ದು, ವಂಶದ್ದಲ್ಲ. ಇದನ್ನೂ ಕೇಳುತ್ತಾರೆ, ಅದಕ್ಕೆ ಹೇಳಿದೆ.

ಗಂಡೋ ಹೆಣ್ಣೋ ಹೇಳ್ತೀರಾ?

ಇಲ್ಲ. 1994ರ ಕಾಯ್ದೆ ಪ್ರಕಾರ ಮಾತಿನಲ್ಲೂ ಹೇಳುವಂತಿಲ್ಲ, ಸನ್ನೆಯಲ್ಲೂ ಹೇಳುವಂತಿಲ್ಲ. ನೆಂಟರಿಗೂ ಇಲ್ಲ.

ತೊಂದರೆ ಇದ್ದರೆ ತೆಗೆಸಿ ಅಂತ ನೀವೇ ಹೇಳ್ತೀರಾ?

ಹೇಳುವುದಿಲ್ಲ. ಇಟ್ಟುಕೊಳ್ಳಿ ಅಂತಲೂ ಹೇಳುವುದಿಲ್ಲ. ಎರಡು ವರ್ಷದ ಓದಿನಲ್ಲಿ ಅತಿ ಕಷ್ಟದ ಪಾಠ ಇದೇ. "ನೀವು ನಮ್ಮ ಮಗಳ ಜಾಗದಲ್ಲಿದ್ದರೆ ಏನು ಮಾಡ್ತಿದ್ರಿ?" ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಊರಿನಲ್ಲಿ ಓದಿದವರ ಮಾತಿಗೆ ತೂಕ ಜಾಸ್ತಿ. ನಾನು ಬಾಯಿತಪ್ಪಿ ಏನಾದರೂ ಅಂದರೆ ಅದೇ ತೀರ್ಪಾಗಿಬಿಡುತ್ತದೆ. ಹಾಗಂತ "ನಿಮ್ಮಿಷ್ಟ" ಅಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಮನೆಯಲ್ಲಿ ಯಾರಿದ್ದಾರೆ, ಮಗುವನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಯಾವುದರ ಹೆದರಿಕೆ ಅಂತ ಒಂದೊಂದೇ ಕೇಳುತ್ತಾ ಹೋದರೆ ಅವರ ಉತ್ತರ ಅವರಿಗೇ ಸಿಗುತ್ತದೆ. ಯಾವಾಗಲೂ ಅಲ್ಲ.

ಕಾನೂನು ಗೊತ್ತಿರಬೇಕು. ಗರ್ಭಪಾತದ ಕಾಯ್ದೆಗೆ ಆದ 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ಗುಂಪಿನ ಹೆಂಗಸರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ. ಭ್ರೂಣದಲ್ಲಿ ಗಂಭೀರ ತೊಂದರೆ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಿದರೆ ಅದರ ನಂತರವೂ. ಮಲೆನಾಡಿನಲ್ಲಿ ಈ ವಾರಗಳ ಲೆಕ್ಕ ಬೇರೆ ರೀತಿ ಓಡುತ್ತದೆ. ಮಗುವಿನ ಅಂಗಾಂಗ ನೋಡುವ ಸ್ಕ್ಯಾನಿಂಗ್ 18ರಿಂದ 20 ವಾರಕ್ಕೆ. ಜುಲೈ ಮಳೆಯಲ್ಲಿ ಹೊಸನಗರದ ಒಳಗಿನ ಹಳ್ಳಿಯಿಂದ ಬಸುರಿ ಹೊರಡಬೇಕು. ಗದ್ದೆ ನಾಟಿ ಮುಗಿಯಲಿ ಅಂತ ಒಂದು ವಾರ, ಹಳ್ಳ ಇಳಿಯಲಿ ಅಂತ ಇನ್ನೊಂದು ವಾರ. ಗರ್ಭದ ನೀರು ತೆಗೆದು ಮಾಡುವ ಟೆಸ್ಟಿನ ರಿಪೋರ್ಟಿಗೆ ಮತ್ತೆರಡು ವಾರ. ನಮ್ಮ ಮುಂದೆ ಬಂದು ಕೂರುವಾಗ ಯೋಚಿಸೋಕೆ ಸಮಯವೇ ಉಳಿದಿರುವುದಿಲ್ಲ.

ಗ್ರಹಣ, ದೋಷ, ಹರಕೆ ಅಂದರೆ ಏನು ಹೇಳ್ತೀರಿ?

ಜಗಳಕ್ಕೆ ಹೋಗುವುದಿಲ್ಲ. ಸೀಳುತುಟಿಯ ಮಗು ಹುಟ್ಟಿದರೆ ಗ್ರಹಣದ ದಿನ ಸೊಸೆ ತರಕಾರಿ ಹೆಚ್ಚಿದ್ದಳು ಅನ್ನುತ್ತಾರೆ. "ಹೆಚ್ಚಿದ್ದಕ್ಕೆ ಆಗಿದ್ದಲ್ಲ" ಅಂತ ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಒಬ್ಬಳ ತಲೆಗೆ ತಪ್ಪು ಕಟ್ಟಲಾಗುತ್ತಿದೆ. ಚೌಡಿಗೆ ಹರಕೆ ಹೊತ್ತಿದ್ದೇವೆ ಅಂದರೆ, ತೀರಿಸಿ ಬನ್ನಿ, ಟೆಸ್ಟಿನ ತಾರೀಕು ಮಾತ್ರ ತಪ್ಪಿಸಬೇಡಿ ಅನ್ನುತ್ತೇನೆ.

ಎಲ್ಲಿ ಓದಬಹುದು?

ನಮಗೆ ಹತ್ತಿರ ಅಂದರೆ ಮಣಿಪಾಲ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವಿದೆ, ಎರಡು ವರ್ಷದ ಎಂಎಸ್ಸಿ ಇದೆ. ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿಯ 14 ತಿರುವು ಇಳಿದರೆ ಆಯಿತು, ವಾಂತಿ ಬರುವವರು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಹೈದರಾಬಾದಿನ ಕಾಮಿನೇನಿ ಆಸ್ಪತ್ರೆಯವರು ದೇಶದಲ್ಲೇ ಮೊದಲಿಗರಾಗಿ ತರಬೇತಿ ಶುರು ಮಾಡಿದವರಲ್ಲಿ ಸೇರುತ್ತಾರೆ. ಓದಿದ ಮೇಲೆ ಬೋರ್ಡ್ ಆಫ್ ಜೆನೆಟಿಕ್ ಕೌನ್ಸೆಲಿಂಗ್ ಇಂಡಿಯಾ ಅನ್ನುವ ಸಂಸ್ಥೆಯಿಂದ ಸರ್ಟಿಫಿಕೇಟ್ ಪಡೆಯಬಹುದು. ಫೀಸು ಪ್ರತಿ ವರ್ಷ ಬದಲಾಗುತ್ತದೆ, ನನ್ನನ್ನು ಕೇಳಬೇಡಿ, ಕಾಲೇಜಿಗೆ ಫೋನ್ ಮಾಡಿ.

ಮನೆಯಲ್ಲಿ ಒಪ್ಪಿದರಾ? ಸಂಬಳ ಹೇಗೆ?

ಅಪ್ಪ ಬಿಎಡ್ ಮಾಡು ಅಂದಿದ್ದರು. ಅವರ ಮಾತು ಪೂರ್ತಿ ತಪ್ಪಲ್ಲ. ಶುರುವಿನಲ್ಲೇ ಕೈತುಂಬ ಸಂಬಳ ಬರುತ್ತದೆ ಅಂತ ಕಾಯಬೇಡಿ. ಕೆಲಸ ಹೆಚ್ಚಾಗಿ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ, ಇಲ್ಲವೇ ಜೆನೆಟಿಕ್ ಟೆಸ್ಟ್ ಮಾಡುವ ಲ್ಯಾಬ್‌ಗಳಲ್ಲಿ. ಲ್ಯಾಬಿನ ಕೆಲಸದಲ್ಲಿ ಸಂಬಳ ಪರವಾಗಿಲ್ಲ, ಆದರೆ ದಿನವಿಡೀ ಫೋನಿನಲ್ಲೇ ಮಾತು. ಮುಖ ಕಾಣದೆ ಇಂಥ ಸುದ್ದಿ ಹೇಳುವುದು ನನಗೆ ಒಗ್ಗಲಿಲ್ಲ. ನಮ್ಮ ನೆಂಟರಿಗೆ ಈಗಲೂ ನಾನು 'ಆಸ್ಪತ್ರೆಯಲ್ಲಿ ಏನೋ ಮಾಡುತ್ತಾಳೆ'.

ಓದಿ ಶಿವಮೊಗ್ಗಕ್ಕೇ ಬಂದು ಕೆಲಸ ಮಾಡಬಹುದಾ?

ಪೂರ್ಣಾವಧಿ ಕೆಲಸ ಹುಡುಕುವುದು ಕಷ್ಟ. ಜನ ಮಾತ್ರ ಬೇಕಾದಷ್ಟು ಇದ್ದಾರೆ. ಅಂಗನವಾಡಿ, ಶಾಲೆಗೆ ಬಂದು ಮಕ್ಕಳನ್ನು ನೋಡುವ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅಲ್ಲಿ ಅನುಮಾನ ಬಂದ ಮಗುವಿಗೆ ಜೆನೆಟಿಕ್ ಟೆಸ್ಟ್ ಬೇಕು ಅಂದರೆ ಮನೆಯವರು ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕು. ಹೋಗಿ ಬಂದ ಮೇಲೆ ಕೈಯಲ್ಲಿ ಎಂಟು ಪುಟದ ಇಂಗ್ಲಿಷ್ ರಿಪೋರ್ಟ್. ಅದನ್ನು ಊರಿನ ಮೇಷ್ಟ್ರ ಹತ್ತಿರ ಓದಿಸಿದವರನ್ನು ನೋಡಿದ್ದೇನೆ. ನಾನೀಗ ತಿಂಗಳಿಗೆ ಎರಡು ಶನಿವಾರ ಶಿವಮೊಗ್ಗದಲ್ಲಿ ಒಬ್ಬರು ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಉಳಿದ ದಿನ ಬೆಂಗಳೂರು. ರೈಲಿನಲ್ಲಿ ನಿದ್ದೆ.

ನಾನಿನ್ನೂ ಬಿಎಸ್ಸಿ ಎರಡನೇ ವರ್ಷ. ಈಗಲೇ ಏನಾದರೂ ಮಾಡಬಹುದಾ?

ನಿಮ್ಮ ಮನೆಯದ್ದೇ ವಂಶವೃಕ್ಷ ಬರೆಯಿರಿ. ಮೂರು ತಲೆಮಾರು. ಯಾರು ಯಾವ ವಯಸ್ಸಿಗೆ ಏನಾಗಿ ಹೋದರು, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಯಾರು, ಎಲ್ಲ ಕೇಳಿ. ಹಬ್ಬದ ದಿನ ಎಲ್ಲರ ಎದುರು ಕೇಳಬೇಡಿ. ಮಧ್ಯಾಹ್ನ ಊಟವಾಗಿ ಗಂಡಸರು ಮಲಗಿದ ಮೇಲೆ ಅಜ್ಜಿಯ ಪಕ್ಕ ಕೂತು, ಎಲೆ ಅಡಿಕೆ ತಟ್ಟೆ ಮುಂದಿಟ್ಟು ಕೇಳಿ. ಬರೆದದ್ದನ್ನು ಯಾರಿಗೂ ತೋರಿಸಬೇಡಿ, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಲೇಬೇಡಿ. ಮತ್ತೆ ಪೆನ್ಸಿಲ್‌ನಲ್ಲೇ ಬರೆಯಿರಿ. ನಮ್ಮ ಅಜ್ಜಿ ಮೂರು ಸಲ ಅಳಿಸಿ ಬರೆಸಿದ್ದಾರೆ. ಮೂರನೇ ಸಲ, ಅವರಿಗಿಂತ ಮೊದಲು ಹುಟ್ಟಿ ಹೆಸರಿಡುವ ಮುಂಚೆಯೇ ಹೋದ ಒಂದು ಕೂಸಿಗೆ ಜಾಗ ಮಾಡಿಸೋಕೆ.